ಮೊದಲೇ ಕೊರೊನಾ ಬಂದುಹೋದ ಕಡೆ ಲಸಿಕೆಯ ರಕ್ಷಣೆ ಕಡಿಮೆ ಕಾಣುವುದೇಕೆ? ಸಿಮ್ಯುಲೇಷನ್‌ನಲ್ಲಿ ತೋರಿಸಬಹುದೇ?

ತೋರಿಸಬಹುದು, ಮುಂಬೈ ಅಂಕಿಗಳೇ ಸಾಕು. ಮಾಟುಂಗಾ ಸೇರುವ ಎಫ್-ನಾರ್ತ್ ಮತ್ತು ಇನ್ನೆರಡು ವಾರ್ಡುಗಳಲ್ಲಿ 2020ರ ಜುಲೈನಲ್ಲಿ ನಡೆದ ಸೆರೋ ಸರ್ವೆಯಲ್ಲಿ (ರಕ್ತ ಪರೀಕ್ಷಿಸಿ ಹಳೇ ಸೋಂಕಿನ ಗುರುತು ಹುಡುಕುವ ಸಮೀಕ್ಷೆ) ಆಂಟಿಬಾಡಿ ಸಿಕ್ಕಿದ್ದು ಕೊಳೆಗೇರಿಗಳ ಸುಮಾರು 57%, ಉಳಿದೆಡೆಯ 16% ಜನರಲ್ಲಿ.

ತಲಾ 1 ಲಕ್ಷ ಕಲ್ಪಿತ ಜನರ ಎರಡು ಗುಂಪು ಮಾಡಿ, ಇದೇ ಪ್ರಮಾಣದಲ್ಲಿ ಹಳೇ ಸೋಂಕು ಹಂಚಿ. ಚೀಟಿ ಎತ್ತಿದಂತೆ ಅರ್ಧ ಜನಕ್ಕೆ ಲಸಿಕೆ ಕೊಡಿ. ಸೋಂಕು ತಗಲದವರಲ್ಲಿ ಲಸಿಕೆ ಅಪಾಯವನ್ನು 70% ಇಳಿಸುತ್ತದೆ, ಹಳೇ ಸೋಂಕು 80% ಇಳಿಸುತ್ತದೆ, ಎರಡೂ ಇದ್ದರೆ ಹೆಚ್ಚುವರಿ ಲಾಭವಿಲ್ಲ ಎಂದಿಟ್ಟುಕೊಳ್ಳಿ (ಮೂರೂ ಬರೀ ಊಹೆ). ಲಸಿಕೆಯೂ ಹಳೇ ಸೋಂಕೂ ಇಲ್ಲದವರ ಅಪಾಯವನ್ನು 1 ಎಂದುಕೊಂಡರೆ, ಕೊಳೆಗೇರಿಯಲ್ಲಿ ಲಸಿಕೆ ಇಲ್ಲದವರ ಸರಾಸರಿ ಅಪಾಯ 0.43 + 0.57 × 0.2 = 0.544, ಹಾಕಿಸಿಕೊಂಡವರದು 0.43 × 0.3 + 0.57 × 0.2 = 0.243. ಕಾಣುವ ರಕ್ಷಣೆ 1 − 0.243/0.544, ಅಂದರೆ ಸುಮಾರು 55%. ಉಳಿದೆಡೆ 67%. ಲಸಿಕೆ ಮಾತ್ರ ಅದೇ!

ಮೂರನೇ ಊಹೆ ಬದಲಿಸಿ, ಸೋಂಕು ಆದವರಿಗೂ ಲಸಿಕೆ 70% ಇಳಿಸುತ್ತದೆ ಎಂದರೆ ಎರಡೂ ಕಡೆ 70% ಬರುತ್ತದೆ. ಹಾಗಾಗಿ ಎರಡೂ ಬಗೆ ಓಡಿಸಲೇಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಆರ್‌ಟಿ-ಪಿಸಿಆರ್ ಪಾಸಿಟಿವ್ ಬಂದವರನ್ನಷ್ಟೇ ‘ಹಳೇ ಸೋಂಕಿನವರು’ ಎಂದು ಎಣಿಸಿದಾಗ. ಲಕ್ಷಣವಿಲ್ಲದೆ ಸೋಂಕಾದವರು ‘ಸೋಂಕಿಲ್ಲದವರ’ ಸಾಲಿಗೆ ಸೇರಿಬಿಡುತ್ತಾರೆ. ನಿಜವಾದ ಸೋಂಕಿಗೊಂದು, ದಾಖಲಾದ ಸೋಂಕಿಗೊಂದು ಕಾಲಂ ಬೇರೆ ಬೇರೆ ಇಡಿ.