ಶಿರಾದ ಅಣ್ಣನ ಪ್ರಶ್ನೆಗೆ: ರೇಂಜ್ ಅಭ್ಯಾಸಕ್ಕೆ ದೊಡ್ಡ ಬೋರಿನ ಪಿಸ್ತೂಲು ಆರಿಸುವ ಮುಂಚೆ

ಶಿರಾದ ಅಣ್ಣ ಕೇಳಿರೋದು ಇಷ್ಟು: ಮನೇಲಿ ಬೆಳೆ ಕಾಯೋಕೆ ತಗೊಂಡ ಸಿಂಗಲ್ ಬ್ಯಾರೆಲ್ ಕೋವಿ ಇದೆ, ಲೈಸೆನ್ಸೂ ಇದೆ. ಈಗ ರೇಂಜಿನಲ್ಲಿ ಗುರಿ ಅಭ್ಯಾಸಕ್ಕೆ ದೊಡ್ಡ ಬೋರಿನ (ಬೋರ್ ಅಂದ್ರೆ ನಳಿಗೆಯ ಒಳ ಅಗಲ) ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಬೇಕು, ಅಂದ್ರೆ ಒಂದು ಗುಂಡು ಹಾರಿದ ಮೇಲೆ ಮುಂದಿನದು ತಾನೇ ತುಂಬಿಕೊಳ್ಳುವಂಥದ್ದು. ಸಿಕ್ಕರೆ .45 (ಇದು ಇಂಚಿನ ಲೆಕ್ಕ), ಇಲ್ಲಾಂದ್ರೆ 9 ಎಂಎಂ. ಎರಡರಲ್ಲಿ ಯಾವುದು?

ಎರಡೂ ಅಲ್ಲ ಅಣ್ಣ. ಕಾರಣ ಎರಡಿದೆ, ಒಂದು ಕಾನೂನಿನದು, ಇನ್ನೊಂದು ಆಟದ್ದೇ.

ಕಾನೂನು ಮೊದಲು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಸರ್ಕಾರಿ ಪಡೆಗಳ 9 ಎಂಎಂ ಅಥವಾ .45 ಕಾಡತೂಸು (ಗುಂಡೂ ಮದ್ದೂ ಸೇರಿದ ತೋಟಾ) ಕೂತು ಸಿಡಿಯುವಂಥ ಪಿಸ್ತೂಲು ಯಾವುದೇ ಇರಲಿ, ಅದು ನಿಷೇಧಿತ ಬೋರ್. ಅದರ ಲೈಸೆನ್ಸ್ ಡಿಸಿ ಕೈಯಲ್ಲಿಲ್ಲ, ದೆಹಲಿಯ ಗೃಹ ಸಚಿವಾಲಯದ ಮಾತು. ಸಾಮಾನ್ಯ ಲೈಸೆನ್ಸಿನಲ್ಲಿ ನಮ್ಮ ಕೈಗೆ ಹೆಚ್ಚಾಗಿ ಬರೋದು .22 ಮತ್ತು .32. ಯಾರಾದರೂ ‘ಹಳೇದೊಂದು 9 ಎಂಎಂ ಇದೆ, ಪೇಪರ್ ಆಮೇಲೆ ಮಾಡ್ಕೊಳ್ಳೋಣ’ ಅಂದರೆ ಅಲ್ಲಿಂದ ಎದ್ದು ಬನ್ನಿ. 2019ರ ತಿದ್ದುಪಡಿ ಆದಮೇಲೆ ಶಿಕ್ಷೆ ಇನ್ನೂ ಕಠಿಣವಾಗಿದೆ.

ಇನ್ನು ಆಟದ ಕಾರಣ. 25 ಮೀಟರ್ ಸೆಂಟರ್ ಫೈರ್ (ಕಾಡತೂಸಿನ ತಳದ ನಡುವಿಗೆ ಪಿನ್ ಬಡಿದು ಸಿಡಿಯುವ) ಪಿಸ್ತೂಲು ಸ್ಪರ್ಧೆಯಲ್ಲಿ ಒಪ್ಪಿಗೆ ಇರೋದು 7.62ರಿಂದ 9.65 ಎಂಎಂ ವರೆಗೆ, ಅಂದ್ರೆ .30ರಿಂದ .38 ವರೆಗೆ. .45ಗೆ ಅಲ್ಲಿ ಜಾಗವೇ ಇಲ್ಲ. ಅಮೆರಿಕದಲ್ಲಿ 1911 ಅನ್ನೋ ಹಳೇ ಮಾದರಿಯ .45 ಪಿಸ್ತೂಲು ಹಿಡಿದು ಆಡುವ ಬುಲ್ಸ್‌ಐ ಅನ್ನೋ ಸ್ಪರ್ಧೆ ಇದೆ, ನೀವು ನೋಡಿರುವ ವಿಡಿಯೋಗಳು ಬಹುಶಃ ಆ ಕಡೆಯವು. ಅಲ್ಲಿನವರೂ ಗುರಿಗೆ ಹೊಡೆಯೋಕೆ ಪೂರ್ತಿ ಜೋರಿನ ಕಾಡತೂಸು ಹಾಕಲ್ಲ. ಹಗುರ ಗುಂಡು, ಕಡಿಮೆ ಮದ್ದು, ಅದಕ್ಕೆ ತಕ್ಕ ಮೆತ್ತನೆಯ ಸ್ಪ್ರಿಂಗ್ ಹಾಕಿಕೊಳ್ಳುತ್ತಾರೆ.

ಯಾಕೆ ಅಂತ ಲೆಕ್ಕದಲ್ಲೇ ನೋಡಿ. ಪೂರ್ತಿ ಜೋರಿನ .45ರ ಗುಂಡು ಸುಮಾರು 15 ಗ್ರಾಂ, ಸೆಕೆಂಡಿಗೆ 255 ಮೀಟರ್ ಆಸುಪಾಸಿನಲ್ಲಿ ಹೋಗುತ್ತೆ. ಸ್ಪರ್ಧೆಯಲ್ಲಿ ಬಳಸುವ .32 ಎಸ್ ಅಂಡ್ ಡಬ್ಲ್ಯು ಲಾಂಗ್ ವಾಡ್‌ಕಟರ್ ಅನ್ನೋ ಕಾಡತೂಸಿನ ಗುಂಡು ಸುಮಾರು 6.4 ಗ್ರಾಂ, ವೇಗ 230ರ ಹತ್ತಿರ. .22 ಬರೀ 2.6 ಗ್ರಾಂ, ವೇಗ 325ರ ಸುಮಾರು. ತೂಕವನ್ನೂ ವೇಗವನ್ನೂ ಗುಣಿಸಿದರೆ ಗುಂಡಿನಿಂದ ಕೈಗೆ ಬರುವ ಒದೆತ ಸಿಗುತ್ತೆ: .22ರದ್ದು ಒಂದು ಪಾಲು ಅಂತ ಇಟ್ಟರೆ .32 ಒಂದೂಮುಕ್ಕಾಲು, .45 ನಾಲ್ಕೂವರೆ. ಇದನ್ನ ಒಂದೇ ಕೈಲಿ, ತೋಳು ಪೂರ್ತಿ ಚಾಚಿ ತಡ್ಕೋಬೇಕು. ನಮ್ಮ ಸ್ಪರ್ಧೆಗಳಲ್ಲಿ ಎರಡು ಕೈ ಹಿಡಿತ ಇಲ್ಲ. ಹೊಸಬರು ದೊಡ್ಡ ಒದೆತದಲ್ಲಿ ಶುರು ಮಾಡಿದರೆ ಕಲಿಯೋದು ಗುರಿಯನ್ನಲ್ಲ, ಬೆದರೋದನ್ನ. ಗುಂಡು ಸಿಡಿಯೋ ಮೊದಲೇ ಮಣಿಕಟ್ಟು ಕೆಳಗೆ ಬಗ್ಗೋದು, ಕಣ್ಣು ಮುಚ್ಚೋದು. ಇದು ಒಮ್ಮೆ ಕೈಗೆ ಹತ್ತಿದರೆ ಬಿಡಿಸೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ.

ಹಾಗಾಗಿ ದಾರಿ ಹೀಗಿದೆ: 10 ಮೀಟರ್ ಏರ್ ಪಿಸ್ತೂಲು, ಆಮೇಲೆ .22, ಆಮೇಲೆ .32 ಸೆಂಟರ್ ಫೈರ್. ಏರ್ ಪಿಸ್ತೂಲಿಗೆ, ಬೋರ್ 4.5 ಎಂಎಂ ಮೀರದೆ ಶಕ್ತಿ 20 ಜೂಲ್ ಮೀರದೆ ಇದ್ದರೆ, ಲೈಸೆನ್ಸೇ ಬೇಡ. ಗುರುತಿನ, ವಯಸ್ಸಿನ ದಾಖಲೆ ಸಾಕು. ಹತ್ತು ಅಂಕ ಕೊಡುವ ನಡುವಿನ ವೃತ್ತ ಅಲ್ಲಿ ಕೇವಲ 11.5 ಎಂಎಂ, ಟ್ರಿಗರಿನ ಭಾರ ಕನಿಷ್ಠ 500 ಗ್ರಾಂ. ಮಾಡಿದ ತಪ್ಪು ಒಂದೂ ಬಿಡದೆ ಕಾಗದದ ಮೇಲೆ ಕಾಣುತ್ತೆ. ಮನೆಯ ಉದ್ದ ನಡುಮನೆಯಲ್ಲೋ ಅಡಕೆ ಗೋಡೌನಿನಲ್ಲೋ 10 ಮೀಟರ್ ಅಳೆದು, ಹಿಂದೆ ಉಕ್ಕಿನ ಪೆಲೆಟ್ ಬಾಕ್ಸ್ (ಏರ್ ಪಿಸ್ತೂಲಿನ ಚಿಕ್ಕ ಗುಂಡನ್ನ ಹಿಡಿಯುವ ಪೆಟ್ಟಿಗೆ) ಇಟ್ಟು ಅಭ್ಯಾಸ ಮಾಡಬಹುದು. ಆ ಕಡೆಯಿಂದ ಯಾರೂ ಬರದ ಹಾಗೆ ಬಾಗಿಲಿಗೆ ಚಿಲಕ ಹಾಕಿರಬೇಕು, ಕಣ್ಣಿಗೆ ಕನ್ನಡಕ ಇರಬೇಕು.

ಈಗ .32 ಆರಿಸೋ ವಿಷಯ, ಇಲ್ಲಿ ಸ್ವಲ್ಪ ನಿಧಾನ ಮಾಡಿ.

.32 ಅಂದ ಕೂಡಲೇ ಎಲ್ಲ ಒಂದೇ ಅಲ್ಲ. ನಮ್ಮಲ್ಲಿ ಸುಲಭವಾಗಿ ಸಿಗುವ ಆರ್ಡ್‌ನೆನ್ಸ್ ಫ್ಯಾಕ್ಟರಿಯ .32 ಪಿಸ್ತೂಲು .32 ಎಸಿಪಿ ಕಾಡತೂಸಿನದು. ಅದು ಜೇಬಿನ ಅಳತೆಯದು, ಆತ್ಮರಕ್ಷಣೆಗೆ ಅಂತ ಮಾಡಿದ್ದು. ಸಣ್ಣ ಸೈಟ್ (ಗುರಿ ಹಿಡಿಯೋಕೆ ಪಿಸ್ತೂಲಿನ ಮೇಲಿರುವ ಗುರುತು), ಚಿಕ್ಕ ಬ್ಯಾರೆಲ್, ಗಡುಸು ಟ್ರಿಗರ್. ಸ್ಪರ್ಧೆಯ ಪಿಸ್ತೂಲುಗಳು ಪರ್ಡಿನಿ ಎಚ್‌ಪಿ, ವಾಲ್ಥರ್ ಜಿಎಸ್‌ಪಿ ಥರದವು. ಇವು ಹೊಡೆಯೋದು .32 ಎಸ್ ಅಂಡ್ ಡಬ್ಲ್ಯು ಲಾಂಗ್ ವಾಡ್‌ಕಟರ್. ಎರಡೂ ಕಾಡತೂಸು ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ. ವಾಡ್‌ಕಟರಿನ ಮೂತಿ ಚಪ್ಪಟೆ, ಗುಂಡು ಕೇಸಿನ (ಕಾಡತೂಸಿನ ಲೋಹದ ಕೊಳವೆಯ) ಅಂಚಿಗೆ ಸಮವಾಗಿ ಒಳಗೆ ಕೂತಿರುತ್ತೆ. ಕಾಗದದಲ್ಲಿ ಪಂಚಿಂಗ್ ಮೆಷಿನ್ ಹೊಡೆದ ಹಾಗೆ ದುಂಡು ತೂತು ಬೀಳುತ್ತೆ, ಗೆರೆ ಮುಟ್ಟಿದೆಯಾ ಇಲ್ವಾ ಅನ್ನೋ ಜಗಳ ಇರಲ್ಲ. ಅಂತಾರಾಷ್ಟ್ರೀಯ ನಿಯಮ ಕೇಳೋದೂ ಸೀಸದ ಗುಂಡನ್ನೇ, ಲೋಹದ ಹೊದಿಕೆ ಇರುವ ಗುಂಡಿಗೆ ಅಲ್ಲಿ ಅವಕಾಶ ಇಲ್ಲ.

ನಿಯಮದ ಅಳತೆಗಳನ್ನ ಬರೆದಿಟ್ಟುಕೊಳ್ಳಿ, ಕೊಳ್ಳುವಾಗ ಟೇಪು, ತಕ್ಕಡಿ ಜೊತೆಗಿರಲಿ. ತೂಕ 1400 ಗ್ರಾಂ ಒಳಗೆ. ಬ್ಯಾರೆಲ್ 153 ಎಂಎಂ ಒಳಗೆ. ಮುಂದಿನ ಸೈಟಿಂದ ಹಿಂದಿನ ಸೈಟಿಗೆ 220 ಎಂಎಂ ಒಳಗೆ. ಇಡೀ ಪಿಸ್ತೂಲು 300, 150, 50 ಎಂಎಂ ಅಳತೆಯ ಪೆಟ್ಟಿಗೆಯಲ್ಲಿ ಕೂರಬೇಕು. ಟ್ರಿಗರ್ 1000 ಗ್ರಾಂಗಿಂತ ಹಗುರ ಇರಬಾರದು.

ಇವುಗಳಲ್ಲಿ ಜನ ಕಡೆಗಣಿಸೋದು ಸೈಟುಗಳ ನಡುವಿನ ದೂರವನ್ನ. 220 ಎಂಎಂ ಇದ್ದಾಗ ಮುಂದಿನ ಸೈಟ್ ಕೂದಲೆಳೆಯಷ್ಟು, 0.1 ಎಂಎಂ, ಆಚೀಚೆ ಆದರೆ 25 ಮೀಟರಿನಲ್ಲಿ ಗುಂಡು 11 ಎಂಎಂ ಸರಿಯುತ್ತೆ. ಅದೇ ದೂರ 120 ಎಂಎಂ ಇರುವ ಜೇಬು ಪಿಸ್ತೂಲಿನಲ್ಲಿ 21 ಎಂಎಂ. ಪ್ರಿಸಿಷನ್ (ನಿಧಾನವಾಗಿ ಹೊಡೆಯುವ ಹಂತದ) ಗುರಿಯ ಹತ್ತರ ವೃತ್ತದ ವ್ಯಾಸ 50 ಎಂಎಂ, ನಡುವಿನಿಂದ ಅಂಚಿಗೆ 25 ಅಷ್ಟೇ. ಚಿಕ್ಕ ಪಿಸ್ತೂಲು ಕೆಟ್ಟದ್ದು ಅಂತಲ್ಲ, ಅದರ ಕೆಲಸ ಬೇರೆ. ಆರ್ಡ್‌ನೆನ್ಸ್ .32ರಲ್ಲಿ ಅಂಕ ಬರ್ತಿಲ್ಲ ಅಂತ ಕೈಯನ್ನ ದೂರೋ ಮುಂಚೆ ಈ ಲೆಕ್ಕ ನೆನಪಿರಲಿ.

ಟ್ರಿಗರ್ ನೋಡುವ ಕ್ರಮ: ಪಿಸ್ತೂಲು ಖಾಲಿ ಅಂತ ಎರಡು ಸಲ ಖಾತ್ರಿ ಮಾಡ್ಕೊಳ್ಳಿ. ಕಾಕ್ ಮಾಡಿ (ಸುತ್ತಿಗೆಯನ್ನ ಹಿಂದಕ್ಕೆ ಎಳೆದಿಟ್ಟು), ಮೂತಿ ನೇರ ಮೇಲಕ್ಕಿಟ್ಟು, ಟ್ರಿಗರಿನ ನಡುವಿಗೆ 1000 ಗ್ರಾಂ ತೂಕ ನೇತು ಹಾಕಿ ಮೆಲ್ಲಗೆ ಎತ್ತಿ. ತೂಕ ಮೇಲೆದ್ದೂ ಸುತ್ತಿಗೆ ಬೀಳಬಾರದು. ಕರಾರುವಾಕ್ಕಾಗಿ 1000ಕ್ಕೆ ಇಟ್ಟುಕೊಂಡರೆ ತಪಾಸಣೆಯ ದಿನ ಕೈಕೊಡುತ್ತೆ, 1030, 1050ಕ್ಕೆ ಇಡಿ. ಎಳೆತ ಎರಡು ಹಂತದ್ದಾಗಿದ್ದರೆ ಒಳ್ಳೇದು: ಮೊದಲ ಹಂತದಲ್ಲೇ ಬಹುಪಾಲು ಭಾರ ತೀರಿ, ಗೋಡೆಯಂಥ ತಡೆ ಸಿಕ್ಕಮೇಲೆ ಸ್ವಲ್ಪ ಒತ್ತಿದರೆ ಬಿಡಬೇಕು. ಆ ಸ್ವಲ್ಪದಲ್ಲಿ ಕರಕರ ಅನ್ನೋ ಹಾಗಿದ್ದರೆ ಸಿಯರ್ (ಸುತ್ತಿಗೆಯನ್ನ ಹಿಡಿದಿಟ್ಟು ಬಿಡುವ ಕೊಕ್ಕೆ) ಸವೆದಿದೆ ಅಥವಾ ಕೊಳೆ ಇದೆ. ಅದನ್ನ ನೀವೇ ಉಜ್ಜೋಕೆ ಹೋಗಬೇಡಿ. ಸಿಯರ್ ಕೋನ ಕೆಟ್ಟರೆ ಒಂದು ಸಲ ಒತ್ತಿದ್ದಕ್ಕೆ ಎರಡು ಗುಂಡು ಹಾರಬಹುದು. ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಮಾಡಿಸಿ.

ಗ್ರಿಪ್ ಕೈಗೆ ಕೂರದಿದ್ದರೆ ಉಳಿದದ್ದೆಲ್ಲ ಇದ್ದೂ ಉಪಯೋಗವಿಲ್ಲ. ಕಣ್ಣು ಮುಚ್ಚಿ ಪಿಸ್ತೂಲು ಎತ್ತಿ, ಕಣ್ಣು ತೆರೆದಾಗ ಎರಡೂ ಸೈಟ್ ಸಾಲಾಗಿ ಕಾಣಬೇಕು. ಹತ್ತು ಸಲದಲ್ಲಿ ಎಂಟು ಸಲ ಮುಂದಿನ ಸೈಟ್ ಬಲಕ್ಕೇ ಹೋಗ್ತಿದ್ರೆ ಗ್ರಿಪ್ ತಿರುವು ಹೊಂದಿಲ್ಲ. ಮರದ ಗ್ರಿಪ್ ದೊಡ್ಡದಾಗಿದ್ದರೆ ಅರದಿಂದ ಉಜ್ಜಬಹುದು, ಚಿಕ್ಕದಾಗಿದ್ದರೆ ವುಡ್ ಪುಟ್ಟಿ ತುಂಬಬಹುದು. ಒಂದು ದಿನ ಸ್ವಲ್ಪ, ನೂರು ಸಲ ಎತ್ತಿ ನೋಡಿ, ಮಾರನೇ ದಿನ ಸ್ವಲ್ಪ. ಎಡಗೈಯವರು ಬಲಗೈ ಗ್ರಿಪ್ ಇರುವ ಪಿಸ್ತೂಲನ್ನ ಅಗ್ಗ ಅಂತ ತಗೋಬೇಡಿ.

ಸೆಕೆಂಡ್ ಹ್ಯಾಂಡ್ ಆದರೆ ನೋಡಬೇಕಾದ್ದು ಬ್ಯಾರೆಲಿನ ಬಾಯಂಚು, ಚೇಂಬರಿನ (ಕಾಡತೂಸು ಕೂರುವ ಗೂಡಿನ) ಅಂಚು, ಎಕ್ಸ್‌ಟ್ರಾಕ್ಟರಿನ (ಖಾಲಿ ಕೇಸನ್ನ ಹೊರಗೆಳೆಯುವ ಕೊಕ್ಕೆಯ) ಉಗುರು, ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ ಮ್ಯಾಗಜೀನಿನ (ಕಾಡತೂಸು ತುಂಬುವ ಡಬ್ಬಿಯ) ತುಟಿ, ಅಂದ್ರೆ ಮೇಲಿನ ಅಂಚು. ಸಿಡಿತ ತಪ್ಪುವ ಪಿಸ್ತೂಲುಗಳಲ್ಲಿ ಎಷ್ಟೋ ಸಲ ತಪ್ಪು ಮ್ಯಾಗಜೀನಿನದೇ. ಬಿಡಿ ಮ್ಯಾಗಜೀನ್, ರಿಕಾಯಿಲ್ ಸ್ಪ್ರಿಂಗ್, ಫೈರಿಂಗ್ ಪಿನ್ ಸಿಗುತ್ತಾ ಅಂತ ಮೊದಲೇ ಕೇಳಿ. ನಂಬರ್ ಕಾಗದದಲ್ಲೂ ಲೋಹದ ಮೇಲೂ ಒಂದೇ ಇರಬೇಕು.

ಕಾಗದ ಪತ್ರ. ಬೆಳೆ ರಕ್ಷಣೆಯ ಕೋವಿ ಲೈಸೆನ್ಸಿನ ಮೇಲೆ ಪಿಸ್ತೂಲು ತರೋಕೆ ಬರಲ್ಲ, ಅದಕ್ಕೆ ಪ್ರತ್ಯೇಕ ಅರ್ಜಿ ಬೇಕು. ನಮೂನೆ ಎ-1, ತುಮಕೂರಾದ್ರೆ ತುಮಕೂರು ಡಿಸಿ ಕಚೇರಿ, ಆಮೇಲೆ ಪೊಲೀಸ್ ವರದಿ. ಜೊತೆಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ಮನೇಲಿ ಭದ್ರವಾಗಿ ಇಡೋ ಬಗ್ಗೆ ಮುಚ್ಚಳಿಕೆ. ಕಾರಣದ ಜಾಗದಲ್ಲಿ ‘ಗುರಿ ಅಭ್ಯಾಸ’ ಅಂತ ಬರೆದರೆ ಸಾಲದು, ರೈಫಲ್ ಸಂಘದ ಸದಸ್ಯತ್ವ, ಸ್ಪರ್ಧೆಯ ಅಂಕಪಟ್ಟಿ ಲಗತ್ತಿಸಿ. ಏರ್ ಪಿಸ್ತೂಲಿನಿಂದ ಶುರು ಮಾಡಿ ಅಂದಿದ್ದಕ್ಕೆ ಇದೂ ಒಂದು ಕಾರಣ, ಈ ಅಂಕಪಟ್ಟಿ ಅಲ್ಲಿಂದಲೇ ಹುಟ್ಟುತ್ತೆ. 2019ರ ನಂತರ ಒಬ್ಬರ ಹೆಸರಲ್ಲಿ ಎರಡೇ ಆಯುಧ. ತಾತನ ಡಬಲ್ ಬ್ಯಾರೆಲ್ ಕೂಡ ನಿಮ್ಮ ಹೆಸರಿಗೆ ಬಂದಿದ್ದರೆ ಆ ಲೆಕ್ಕ ಆಗಲೇ ತುಂಬಿದೆ. ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ ಕನಿಷ್ಠ ಅರ್ಹತಾ ಅಂಕ ಗಳಿಸಿದ ಶೂಟರ್‌ಗಳಿಗೆ ಬೇರೆ ರಿಯಾಯಿತಿಗಳಿವೆ, ಪರ್ಡಿನಿಯಂಥ ವಿದೇಶಿ ಪಿಸ್ತೂಲು ತರಿಸುವ ದಾರಿಯೂ ಅವರಿಗೇ ಸುಲಭ. ಚುನಾವಣೆ ಬಂದಾಗ ಠಾಣೆಗೆ ಆಯುಧ ಒಪ್ಪಿಸುವ ಆದೇಶ ಬರುತ್ತಲ್ಲ, ಸ್ಪರ್ಧೆಗಳಲ್ಲಿ ಭಾಗವಹಿಸುವ ಸಂಘದ ಸದಸ್ಯರು ವಿನಾಯಿತಿ ಕೇಳಬಹುದು. ಅರ್ಜಿ ಮುಂಚಿತವಾಗಿ ಕೊಡಿ.

ಪಿಸ್ತೂಲು ಕೈಗೆ ಬಂದಮೇಲೆ ಆಗುವ ತೊಂದರೆಗಳು. .32 ಲಾಂಗ್ ಕಾಡತೂಸಿಗೆ ತಳದಲ್ಲಿ ರಿಮ್, ಅಂದ್ರೆ ಹೊರಚಾಚಿದ ಅಂಚು ಇದೆ. ಮ್ಯಾಗಜೀನ್ ತುಂಬುವಾಗ ಮೇಲಿನ ಕಾಡತೂಸಿನ ರಿಮ್ ಕೆಳಗಿನದರ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಕೊಂಡಿ ಬಿದ್ದು ಕಾಡತೂಸು ಮೇಲೇರಲ್ಲ. ಐದೇ ತುಂಬಿ, ಸ್ಪರ್ಧೆಯ ಸರಣಿಯೂ ಐದರದ್ದೇ. ಖಾಲಿ ಕೇಸು ಸ್ಲೈಡಿಗೆ (ಗುಂಡು ಹಾರಿದಾಗ ಹಿಂದೆ ಮುಂದೆ ಸರಿಯುವ ಭಾಗಕ್ಕೆ) ಸಿಕ್ಕಿ ಚಿಮಣಿ ಹಾಗೆ ನೆಟ್ಟಗೆ ನಿಂತರೆ ಮೊದಲು ನಿಮ್ಮ ಮಣಿಕಟ್ಟು ನೋಡಿ, ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಹೋಗಲ್ಲ. ಆಮೇಲೆ ಎಕ್ಸ್‌ಟ್ರಾಕ್ಟರಿನ ಕೆಳಗಿನ ಕೊಳೆ, ಆಮೇಲೆ ಸ್ಪ್ರಿಂಗ್. ಕಾಡತೂಸು ಪೂರ್ತಿ ಒಳಗೆ ಕೂರದಿದ್ದರೆ ಚೇಂಬರಿನಲ್ಲಿ ಸೀಸ, ಮೇಣ ಕಟ್ಟಿದೆ. ತಳ್ಳಿ ಕೂರಿಸಬೇಡಿ, ಬ್ರಷ್ ಹಾಕಿ.

ಒತ್ತಿದರೂ ಸಿಡಿಯದಿದ್ದರೆ ಮೂತಿ ಗುರಿ ಕಡೆಗೇ ಇಟ್ಟು 30 ಸೆಕೆಂಡ್ ಎಣಿಸಿ, ಆಮೇಲೆ ಹೊರತೆಗೆಯಿರಿ. ‘ಡಬ್’ ಅನ್ನೋ ಬದಲು ‘ಪುಸ್’ ಅಂತ ಸಪ್ಪೆ ಸದ್ದು ಬಂದರೆ ಇನ್ನೊಂದು ಗುಂಡು ಹೊಡೆಯಲೇಬೇಡಿ. ಗುಂಡು ಬ್ಯಾರೆಲಿನಲ್ಲೇ ನಿಂತಿರಬಹುದು, ಹಿಂದಿನಿಂದ ಇನ್ನೊಂದು ಬಂದರೆ ಬ್ಯಾರೆಲ್ ಒಡೆಯುತ್ತೆ. ಖಾಲಿ ಮಾಡಿ, ಸರಳು ತೂರಿಸಿ ನೋಡಿ. ಸ್ಪರ್ಧೆಯಲ್ಲಿ ಇಂಥದ್ದು ಆದರೆ ಮೂತಿ ಸುರಕ್ಷಿತವಾಗಿಟ್ಟು ಇನ್ನೊಂದು ಕೈ ಎತ್ತಿ, ಅಧಿಕಾರಿ ಬರೋವರೆಗೆ ಏನನ್ನೂ ಮುಟ್ಟಬೇಡಿ. ಸ್ಲೈಡ್ ಎಳೆದರೆ ಆ ಸರಣಿ ಮತ್ತೆ ಹೊಡೆಯುವ ಅವಕಾಶ ಹೋಗುತ್ತೆ.

ತೆಂಗಿನ ಸೀಮೆಯವರಿಗೆ ಒಂದು ಮಾತು: ಪಿಸ್ತೂಲಿಗೆ ಕೊಬ್ಬರಿ ಎಣ್ಣೆ ಹಾಕಬೇಡಿ. 24 ಡಿಗ್ರಿ ಕೆಳಗೆ ಅದು ಹೆಪ್ಪುಗಟ್ಟುತ್ತೆ, ಪುಷ್ಯ ಮಾಘದ ಬೆಳಿಗ್ಗೆ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತೆ. ಕಾಲ ಕಳೆದಂತೆ ಅಂಟಾಗಿ ಕೆಮ್ಮಣ್ಣಿನ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತೆ. ಗನ್ ಆಯಿಲ್ ಎರಡು ಹನಿ, ಸ್ಲೈಡಿನ ಹಳಿಗೆ ಮಾತ್ರ. ಬ್ರಷ್ ಆದಷ್ಟೂ ಚೇಂಬರ್ ಕಡೆಯಿಂದ ಬಿಡಿ, ಬಾಯಂಚು ಸವೆಯದಿರಲಿ. ಚರ್ಮದ ಕೇಸಿನಲ್ಲಿ ಇಡಬೇಡಿ, ತೇವ ಹಿಡಿದು ತುಕ್ಕು ಬರುತ್ತೆ. ಆಯುಧ ಪೂಜೆಗೆ ಇಡೋದಾದ್ರೆ ಖಾಲಿ ಮಾಡಿ, ಕೇಸಿನ ಒಳಗಿಟ್ಟು ಕೇಸಿಗೆ ಕುಂಕುಮ ಹಚ್ಚಿ. ಅರಿಶಿನ ಕುಂಕುಮದ ಪುಡಿ ಒದ್ದೆಯಾಗಿ ಟ್ರಿಗರಿನೊಳಗೆ ಇಳಿದರೆ ಬಿಚ್ಚಿಸಲೇಬೇಕಾಗುತ್ತೆ. ಹಬ್ಬ, ಮದುವೆಯಲ್ಲಿ ಗಾಳೀಲಿ ಹಾರಿಸೋದಂತೂ 2019ರಿಂದ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗುವ ಅಪರಾಧ.

ಅಭ್ಯಾಸದ ಬಗ್ಗೆ ಚಿಕ್ಕದಾಗಿ. ಸೆಂಟರ್ ಫೈರ್ ಸ್ಪರ್ಧೆ 60 ಗುಂಡಿನದು. ಮೊದಲ 30 ಪ್ರಿಸಿಷನ್, ಐದೈದರ ಆರು ಸರಣಿ, ಒಂದೊಂದಕ್ಕೆ 5 ನಿಮಿಷ. ಉಳಿದ 30ರಲ್ಲಿ ಗುರಿ 3 ಸೆಕೆಂಡ್ ಕಾಣಿಸಿ 7 ಸೆಕೆಂಡ್ ಮರೆಯಾಗುತ್ತೆ, ಕಂಡಾಗಲೆಲ್ಲ ಒಂದೇ ಗುಂಡು. ನಮ್ಮ ದೇಶದ ಶೂಟರ್ ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಇದರಲ್ಲೇ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 600ಕ್ಕೆ 590 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಅಂಥ ಕೈ ತಯಾರಾಗೋದು ಗುಂಡು ಸುಟ್ಟಷ್ಟೇ ಒಣ ಅಭ್ಯಾಸದಿಂದ, ಅಂದ್ರೆ ಗುಂಡಿಲ್ಲದೆ ಟ್ರಿಗರ್ ಒತ್ತೋ ಅಭ್ಯಾಸದಿಂದ. ಗುಂಡುಗಳನ್ನ ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ಖಾಲಿ ಪಿಸ್ತೂಲಿನ ಮೇಲೆ ಮುಂದಿನ ಸೈಟ್ ಹತ್ತಿರ ಒಂದು ರೂಪಾಯಿ ನಾಣ್ಯ ನಿಲ್ಲಿಸಿ, ಬೀಳದ ಹಾಗೆ ಟ್ರಿಗರ್ ಒತ್ತಿ. ದಿನಕ್ಕೆ 20 ನಿಮಿಷ. .22ನಲ್ಲಿ ಮಾಡೋದಾದ್ರೆ ಡ್ರೈ ಫೈರ್ (ಒಣ ಅಭ್ಯಾಸದ) ವ್ಯವಸ್ಥೆ ಇರುವ ಪಿಸ್ತೂಲಿನಲ್ಲೇ ಮಾಡಿ, ಇಲ್ಲಾಂದ್ರೆ ಪಿನ್ ಚೇಂಬರಿನ ಅಂಚಿಗೆ ಬಡಿದು ಕುಳಿ ಬೀಳುತ್ತೆ.

ರೇಂಜಿಗೆ ತುಮಕೂರಿಂದ ಬೆಂಗಳೂರಿಗೆ ಹೋಗುವಾಗ ಪಿಸ್ತೂಲು ಖಾಲಿ, ಬೀಗದ ಕೇಸಿನಲ್ಲಿ, ಗುಂಡು ಬೇರೆ ಡಬ್ಬದಲ್ಲಿ, ಲೈಸೆನ್ಸ್ ಕೈಗೆ ಸಿಗೋ ಹಾಗೆ ಇರಲಿ. ಕಿವಿಗೆ ಪ್ಲಗ್ಗೂ ಮಫ್ಫೂ ಎರಡೂ ಬೇಕು. ವಾಪಸ್ ಹೊರಡೋ ಮುಂಚೆ ಸೋಪು ಹಚ್ಚಿ ಕೈ ಮುಖ ತೊಳೆದುಕೊಂಡೇ ತಿಂಡಿ ಮುಟ್ಟಿ, ಸೀಸದ ಪುಡಿ ಕೈಯಲ್ಲಿರುತ್ತೆ.

ಅಣ್ಣ, ನಿಮ್ಮ ಹೆಸರಲ್ಲಿ ಈಗ ಎಷ್ಟು ಆಯುಧ ಇದೆ, ನೀವು ಎಡಗೈಯೋ ಬಲಗೈಯೋ ಅಂತ ಇಲ್ಲೇ ಬರೆಯಿರಿ. ಅಂಗೈ ಅಗಲದ ಅಳತೆಯನ್ನೂ ಹಾಕಿದರೆ ಯಾವ ಗ್ರಿಪ್ ಸೈಜ್ ಅಂತ ಹೇಳಬಹುದು.