ಪೊಟ್ಯಾಸಿಯಂ ಬೆಳಿಗ್ಗೆ 6.9, ಸಂಜೆ 4.2: ಯಾವ ವರದಿಯನ್ನು ನಂಬಬೇಕು?

ಒಂದೇ ದಿನ ಎರಡು ಪ್ರಯೋಗಾಲಯಗಳಲ್ಲಿ ರಕ್ತದ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿದಾಗ ಬೆಳಿಗ್ಗೆ 6.9, ಸಂಜೆ 4.2 ಬಂತು, ನಡುವೆ ಯಾವ ಚಿಕಿತ್ಸೆಯೂ ಆಗಿಲ್ಲ, ಹಾಗಾದರೆ ಎರಡರಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು ಎಂದು ಕೇಳಿದ್ದೀರಿ. ರಕ್ತದ ಟ್ಯೂಬುಗಳ ನಡುವೆಯೇ ಹದಿನಾಲ್ಕು ವರ್ಷ ಕಳೆದಿರುವ ನನಗೆ ಅನ್ನಿಸುವುದು, ಬಹುಶಃ ಎರಡೂ ಸುಳ್ಳು ಹೇಳಿಲ್ಲ. ಯಂತ್ರ ತನಗೆ ಕೊಟ್ಟಿದ್ದನ್ನು ಅಳೆದಿದೆ, ಅಷ್ಟೆ. ಕೊಟ್ಟದ್ದು ನಿಮ್ಮ ಮೈಯಲ್ಲಿ ಹರಿಯುತ್ತಿದ್ದ ರಕ್ತದಂತೆಯೇ ಉಳಿದಿತ್ತೇ ಎಂಬುದನ್ನು ಅದು ಹೇಳಲಾರದು.

ದೇಹದ ಪೊಟ್ಯಾಸಿಯಂನಲ್ಲಿ ಬಹುಪಾಲು ಇರುವುದು ಜೀವಕೋಶಗಳ ಒಳಗೆ. ನಾವು ಅಳೆಯುವುದು ಹೊರಗಿನ ದ್ರವದಲ್ಲಿರುವ ಚೂರುಪಾರನ್ನು. ಅದು ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಆಸುಪಾಸು. ಕೆಂಪು ರಕ್ತಕಣದೊಳಗೆ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು ತುಂಬಿಕೊಂಡಿರುತ್ತದೆ. ಸಿರಿಂಜನ್ನು ಬಲವಾಗಿ ಎಳೆದರೆ, ಟ್ಯೂಬನ್ನು ಔಷಧದ ಬಾಟಲಿಯಂತೆ ಕುಲುಕಿದರೆ ಕಣಗಳು ಒಡೆಯುತ್ತವೆ, ಒಳಗಿನದು ಹೊರಚೆಲ್ಲುತ್ತದೆ. ಇದನ್ನು ಹಿಡಿಯುವುದು ಸುಲಭ: ಟ್ಯೂಬನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದಿಂದ ತೆಗೆದಾಗ ಮೇಲೆ ನಿಂತ ತಿಳಿದ್ರವ, ಅಂದರೆ ಸೀರಂ, ಒಣಹುಲ್ಲಿನ ಬಣ್ಣದಲ್ಲಿರುವ ಬದಲು ಕೆಂಪಗಿರುತ್ತದೆ.

ನನ್ನನ್ನು ಕಾಡುವುದು ಬಣ್ಣ ಬದಲಾಗದ ಮಾದರಿಗಳು. ತೋಳಿಗೆ ಪಟ್ಟಿ ಬಿಗಿದು "ಮುಷ್ಟಿ ಬಿಗಿಹಿಡಿದು ಬಿಡಿ, ಬಿಗಿಹಿಡಿದು ಬಿಡಿ" ಎನ್ನುತ್ತಾರಲ್ಲ, ಆಗ ದುಡಿದ ಸ್ನಾಯುಗಳಿಂದ ಪೊಟ್ಯಾಸಿಯಂ ರಕ್ತಕ್ಕೆ ಇಳಿಯುತ್ತದೆ. ಸೀರಂ ಮಾತ್ರ ತಿಳಿಯಾಗಿಯೇ ಕಾಣುತ್ತದೆ. ಇನ್ನೊಂದು ಫ್ರಿಜ್ಜಿನ ಕಥೆ. ತಣ್ಣಗಿಟ್ಟರೆ ಕೆಡುವುದಿಲ್ಲ ಎಂಬ ಅಡುಗೆಮನೆಯ ಲೆಕ್ಕ ಇಲ್ಲಿ ತಲೆಕೆಳಗು. ಕಣದ ಗೋಡೆಯಲ್ಲಿ ಪೊಟ್ಯಾಸಿಯಂ ಅನ್ನು ಸದಾ ಒಳಕ್ಕೆ ತಳ್ಳುವ ಪಂಪು ಇದೆ. ಚಳಿಗೆ ಅದು ಸೋಲುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಸೀರಂ ಬೇರ್ಪಡಿಸದೆ ಗಂಟೆಗಟ್ಟಲೆ ಫ್ರಿಜ್ಜಿನಲ್ಲಿಟ್ಟ ರಕ್ತ ಒಂದು ಕಣವೂ ಒಡೆಯದೆ ಹೆಚ್ಚಿನ ಅಂಕಿ ತೋರಿಸಬಲ್ಲದು. ಮೊದಲು ಬೇರ್ಪಡಿಸಬೇಕು, ಆಮೇಲೆ ತಣ್ಣಗಿಡಬೇಕು.

ನನ್ನದೇ ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಸೀರಂ ಪರೀಕ್ಷೆಗೆಂದಿರುವ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಸಾಲದಾಯಿತು. ರೋಗಿಗೆ ಮತ್ತೆ ಚುಚ್ಚುವುದೇಕೆಂದು ಅವರದೇ ನೇರಳೆ ಮುಚ್ಚಳದ ಟ್ಯೂಬಿನಿಂದ ಒಂದಿಷ್ಟು ಸುರಿದು ಭರ್ತಿ ಮಾಡಿದೆ. ಒಬ್ಬರದೇ ರಕ್ತ ತಾನೆ! ಪೊಟ್ಯಾಸಿಯಂ ಹದಿನಾಲ್ಕು ಬಂತು. ಹಿರಿಯ ಸಹೋದ್ಯೋಗಿ ಆ ಅಂಕಿಯನ್ನು ಬಿಟ್ಟು ಪಕ್ಕದ ಕ್ಯಾಲ್ಸಿಯಂ ಕಡೆ ಬೆರಳಿಟ್ಟರು. ಅದು ಪಾತಾಳ ಕಂಡಿತ್ತು. "ಯಾವ ಟ್ಯೂಬಿನಿಂದ ಸುರಿದೆ?" ಎಂದಷ್ಟೇ ಕೇಳಿದರು. ನೇರಳೆ ಟ್ಯೂಬಿನೊಳಗೆ ರಕ್ತ ಹೆಪ್ಪುಗಟ್ಟದಂತೆ ಪೊಟ್ಯಾಸಿಯಂನ ಇಡಿಟಿಎ ಲವಣ ಲೇಪಿಸಿರುತ್ತಾರೆ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ತನ್ನ ಪೊಟ್ಯಾಸಿಯಂ ಅನ್ನು ಬೆರೆಸುತ್ತದೆ. ಮುಚ್ಚಳದ ಬಣ್ಣ ಅಲಂಕಾರಕ್ಕಲ್ಲ ಎಂದು ಅವತ್ತು ಅರ್ಥವಾಯಿತು. ಯಾವ ಟ್ಯೂಬನ್ನು ಮೊದಲು ತುಂಬಬೇಕು ಎಂಬುದಕ್ಕೂ ಕ್ರಮವಿದೆ. ಕೆಂಪಿನ ನಂತರವೇ ನೇರಳೆ.

ಇಷ್ಟು ಓದಿ ಬೆಳಗಿನ ವರದಿಯನ್ನು ಹರಿದೆಸೆಯಬೇಡಿ. ನಿಜವಾಗಿಯೂ 6.9 ಇದ್ದರೆ ಹೃದಯದ ಬಡಿತವೇ ತಪ್ಪಬಹುದು. ಅಂಥ ಅಂಕಿ ಬಂದಾಗ ತಡಮಾಡದೆ ವೈದ್ಯರಿಗೆ ತಿಳಿಸಿ ಮರುಪರೀಕ್ಷೆ ಮಾಡಿಸಲೇಬೇಕು. ನೀವು ಅಂದೇ ಸಂಜೆ ಮಾಡಿಸಿದ್ದು ಒಳ್ಳೆಯದೇ ಆಯಿತು. ಮೂತ್ರಪಿಂಡದ ತೊಂದರೆಯಿದ್ದರೆ ಅಥವಾ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದರೆ ಎರಡೂ ವರದಿಗಳನ್ನು ಒಟ್ಟಿಗೆ ವೈದ್ಯರಿಗೆ ತೋರಿಸಿ. ಬೆಳಗಿನ ಪ್ರಯೋಗಾಲಯಕ್ಕೆ ಕರೆ ಮಾಡಿ, ರಕ್ತ ತೆಗೆದ ಹೊತ್ತು ಮತ್ತು ಸೀರಂ ಬೇರ್ಪಡಿಸಿದ ಹೊತ್ತು ಎರಡನ್ನೂ ಕೇಳಿ. ರಕ್ತವನ್ನು ಮನೆಗೆ ಬಂದು ತೆಗೆದುಕೊಂಡು ಹೋಗಿದ್ದರೆ, ನನ್ನ ಅನುಮಾನ ಮೊದಲು ಹೋಗುವುದು ಆ ದಾರಿಯ ಮೇಲೆ.