ಚಿತ್ತೆ ಮಳೆ, ಉಟ್ರೆಕ್ಟಿನ ಮಳೆ

ತಮ್ಮಾ,

ನಿನ್ನ ಉದ್ದನೆಯ ಮೆಸೇಜು ಬರುವ ಮೊದಲೇ ಅರ್ಧ ಸಮಾಚಾರ ನನಗೆ ಗೊತ್ತಾಗಿತ್ತು. ದಸರೆಯಲ್ಲಿ ನಿಮ್ಮಮ್ಮ ನಮ್ಮ ಸರಸ್ವತೀಪುರಂ ಮನೆಗೆ ಗೊಂಬೆ ನೋಡಲು ಬಂದಿದ್ದರು. ಗೊಂಬೆ ನೋಡಿದ್ದು ಎರಡು ನಿಮಿಷ, ಉಳಿದದ್ದೆಲ್ಲ ನಿನ್ನ ವಿಷಯವೇ. "ದಿನಾ ಮಳೆಯಂತೆ ಕಣಮ್ಮ. ಮುಂದಿನ ತಿಂಗಳಿಂದ ಐದಕ್ಕೆಲ್ಲ ಕತ್ತಲಂತೆ. ಹುಡುಗ ಕ್ಲಾಸು ಬಿಟ್ಟರೆ ರೂಮಿನಿಂದ ಆಚೆಗೇ ಹೋಗ್ತಿಲ್ಲ" ಅಂದರು. ಕೈಗೆ ಕೊಟ್ಟ ಚರ್ಪಿನ ತಿಂಡಿ ಕೈಯಲ್ಲೇ ಉಳಿದಿತ್ತು.

ನೀನು ಕೇಳಿರುವುದು ಮೂರು. ಈ ಮಳೆಯಲ್ಲಿ ಸೈಕಲ್ ಹೇಗೆ ತುಳಿಯುತ್ತೀರಿ? ಸಂಜೆ ಹೊತ್ತು ಏನು ಮಾಡುತ್ತೀರಿ? ನೆದರ್ಲೆಂಡ್ಸಿನ ಈ ಊರಿನಲ್ಲಿ ಕಳೆದ 15 ವರ್ಷದಲ್ಲಿ ಒಂದು ಸಲವೂ ಗಂಟುಮೂಟೆ ಕಟ್ಟಿ ವಾಪಸ್ ಬರೋಣ ಅನ್ನಿಸಲಿಲ್ಲವಾ ಅಕ್ಕಾ? ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಅನ್ನಿಸಿದೆ, ಪ್ರತಿ ನವೆಂಬರಿನಲ್ಲೂ. ಏಪ್ರಿಲ್ ಹೊತ್ತಿಗೆ ಮರೆತುಹೋಗುತ್ತದೆ.

ತಮಾಷೆ ನೋಡು. ನೀನು ಉಟ್ರೆಕ್ಟಿನಲ್ಲಿ ಕಿಟಕಿ ಪಕ್ಕ ಕೂತು ಮೈಸೂರಿನ ಬಿಸಿಲು ನೆನೆಸಿಕೊಳ್ಳುತ್ತಿದ್ದೀಯ. ನಾಲ್ಕು ದಿನಕ್ಕೆಂದು ಊರಿಗೆ ಬಂದಿರುವ ನಾನು ಇಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ತೊಯ್ದು ತೊಪ್ಪೆಯಾಗಿ ಈಗಷ್ಟೇ ಮನೆಗೆ ಬಂದೆ. ಚಿತ್ತೆ ಮಳೆ ಹಿಡಿದಿದೆ. ನಮ್ಮಜ್ಜಿ ಮಂಡ್ಯ ಕಡೆಯ ರೈತರ ಮನೆಯವರು. ಅವರಿಗೆ ಅಕ್ಟೋಬರ್ ಅಂದರೆ ಏನೂ ಇಲ್ಲ. ಉತ್ತರೆ ಹೋಯಿತು, ಹಸ್ತ ಹೋಯಿತು, ಈಗ ಚಿತ್ತೆ, ಆಮೇಲೆ ಸ್ವಾತಿ, ಅಷ್ಟೇ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೂ ಹದಿಮೂರು-ಹದಿನಾಲ್ಕು ದಿನ. ಹನಿ ಬೀಳಲಿ ಬಿಡಲಿ, ಆ ದಿನಗಳಿಗೆ ಆ ಮಳೆಯ ಹೆಸರೇ. ಡಚ್ಚರ ಲೆಕ್ಕ ಬೇರೆ. ಅವರು ದಿನಕ್ಕೆ ಹೆಸರಿಟ್ಟಿಲ್ಲ, ಹನಿಗೆ ಇಟ್ಟಿದ್ದಾರೆ. ಮುಖಕ್ಕೆ ಹಬೆ ಹಿಡಿದ ಹಾಗೆ ಬಂದರೆ 'ಮೊಟ್‌ರೇಖೆನ್'. ಕೊಡದಲ್ಲಿ ಸುರಿದ ಹಾಗೆ ಬಂದರೆ 'ಪ್ಲೆನ್ಸ್‌ಬೌ'. ಬೌ ಅಂದರೆ ಹೀಗೆ ಬಂದು ಹಾಗೆ ಹೋಗುವ ಮಳೆ.

ಈ 'ಬೌ' ಅನ್ನುವುದು ಅರ್ಥವಾದ ದಿನ ನನ್ನ ಅರ್ಧ ಗೋಳು ಕಳೆಯಿತು. ದಿನವಿಡೀ ಮಳೆ ಅಂತ ನಿನಗೆ ಅನ್ನಿಸುತ್ತಿದೆ, ಆದರೆ ಮೋಡ ದಿನವಿಡೀ ಇರುತ್ತದೆ, ಮಳೆ ತುಂಡು ತುಂಡಾಗಿ ಬರುತ್ತದೆ. ವರ್ಷದ ಲೆಕ್ಕ ತೆಗೆದರೆ ಅಲ್ಲೂ ಮೈಸೂರಿನಲ್ಲೂ ಬೀಳುವುದು ಹೆಚ್ಚುಕಡಿಮೆ ಒಂದೇ, ಎರಡೂ ಕಡೆ 800 ಮಿಲಿಮೀಟರಿನ ಆಸುಪಾಸು. ನಂಬಿಕೆ ಬರಲ್ಲ ಅಲ್ವಾ? ನಮ್ಮ ಮಳೆ ಸಂಜೆ ನಾಲ್ಕಕ್ಕೆ ಗುಡುಗಿ, ಸುರಿದು, ಕರೆಂಟು ತೆಗೆದು ಹೋಗುತ್ತದೆ. ಅವರದು ಚಿಲ್ಲರೆ ಎಣಿಸಿ ಕೊಟ್ಟ ಹಾಗೆ ವರ್ಷವಿಡೀ ಕೊಡುತ್ತದೆ. ಮುಂದಿನ ಎರಡು ಗಂಟೆಯಲ್ಲಿ ಮಳೆ ಎಲ್ಲಿ ಬರುತ್ತದೆ ಎಂದು ತೋರಿಸುವ ಬೌಯೆನ್‌ರಾಡಾರ್ ಅನ್ನುವ ಆಪ್ ಇದೆ. ಹಾಕಿಕೋ. ಅಲ್ಲಿಯವರು ಆಫೀಸು ಬಿಡುವ ಮೊದಲು ಅದನ್ನು ನೋಡುವುದು, ನಮ್ಮವರು ರಾಹುಕಾಲ ನೋಡಿದ ಹಾಗೆ. ಇಪ್ಪತ್ತು ನಿಮಿಷ ಕಾದು ಹೊರಡುತ್ತಾರೆ. ಮಳೆ ಕೋಟು, ಮಳೆ ಪ್ಯಾಂಟು ಎರಡೂ ತಗೋ. ಛತ್ರಿ ಬೇಡ. ಆ ಗಾಳಿಗೆ ನನ್ನವು ನಾಲ್ಕು ಛತ್ರಿ ಮುರಿದಿವೆ.

ಇನ್ನು ಸೈಕಲ್. ಮಂಡ್ಯದ ನಾಲೆ ಏರಿ ಮೇಲೆ ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲು ತುಳಿದು ಕಲಿತವಳು ನಾನು, ನನಗೇನು ಹೇಳಿಕೊಡುತ್ತಾರೆ ಅನ್ನುವ ಜಂಬ ಇತ್ತು. ಮೊದಲ ದಿನವೇ ಇಳಿಯಿತು. ನಾವು ಸೈಕಲ್ ಹತ್ತುವ ಮೊದಲು ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಾಲಿಗೆ ಸರಿಯಾಗಿ ಇಟ್ಟುಕೊಳ್ಳುತ್ತೇವೆ. ಅಲ್ಲಿಯ ಹಳೇ ಮಾದರಿಯ ಸೈಕಲ್ಲಿನಲ್ಲಿ ಪೆಡಲು ಹಿಂದಕ್ಕೆ ತುಳಿದರೆ ಅದೇ ಬ್ರೇಕು. ಹ್ಯಾಂಡಲಿನಲ್ಲಿ ಏನೂ ಇರಲ್ಲ. ನಾನು ಸಿಗ್ನಲಿನಲ್ಲಿ ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿಸಲು ಹೋದೆ, ಅದು ಕಚ್ಚಿ ನಿಂತಿತು. ಹಿಂದೆ ಮಗುವನ್ನು ಕೂರಿಸಿಕೊಂಡ ಒಬ್ಬ ಅಜ್ಜಿ ಗಂಟೆ ಬಾರಿಸುತ್ತಲೇ ಇದ್ದರು. ನೀನು ಕೊಂಡಿರುವ ಸೆಕೆಂಡ್ ಹ್ಯಾಂಡ್ ಸೈಕಲ್ ಯಾವ ತರಹದ್ದು ಎಂದು ಮೊದಲು ಖಾಲಿ ರಸ್ತೆಯಲ್ಲಿ ನೋಡಿಕೋ.

ಈ ಸಲ ಆಯುಧಪೂಜೆ ಮಾಡಿದೆಯಾ? ನಗಬೇಡ. ಹಬ್ಬಕ್ಕೆ ನಾನು ಅಲ್ಲೇ ಇದ್ದ ವರ್ಷಗಳಲ್ಲೆಲ್ಲ ನನ್ನ ಸೈಕಲ್ಲಿಗೆ ಪೂಜೆ ತಪ್ಪಿಸಿಲ್ಲ. ತೊಳೆದು, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು. ಪಕ್ಕದ ಮನೆಯವರು ಒಂದು ವರ್ಷ ಬಂದು, ರಸ್ತೆಯಲ್ಲಿ ನಿಂಬೆಹಣ್ಣು ಬಿದ್ದುಹೋಗಿದೆ ಎಂದು ತೊಳೆದು ತಂದುಕೊಟ್ಟರು. ಭಕ್ತಿ ಒಂದು ಕಡೆ ಇರಲಿ. ಮಾರ್ನವಮಿ ಬರುವುದೂ ಅಲ್ಲಿ ಸೈಕಲ್ ರಿಪೇರಿ ಮಾಡಿಸಬೇಕಾದ ಹೊತ್ತೂ ಒಂದೇ. ಚೈನಿಗೆ ಎಣ್ಣೆ ಬಿಡು. ಬ್ರೇಕು ನೋಡು. ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು ಇಲ್ಲದೆ ಕತ್ತಲಲ್ಲಿ ಹೊರಟರೆ ದಂಡ ಹಾಕುತ್ತಾರೆ. ಫೋನು ಕೈಯಲ್ಲಿ ಹಿಡಿದು ತುಳಿದರೂ ದಂಡ, 2019ರಿಂದ ಆ ಕಾನೂನು ಇದೆ. ಬೀಗ ಎರಡು ಹಾಕು, ಒಂದು ಚಕ್ರಕ್ಕೆ, ಇನ್ನೊಂದು ಸರಪಳಿ ಕಂಬಕ್ಕೆ. ಸ್ಟೇಷನ್ ಕೆಳಗಿನ ಸೈಕಲ್ ಸ್ಟ್ಯಾಂಡಿನಲ್ಲಿ 12,500 ಸೈಕಲ್ ಹಿಡಿಯುತ್ತವೆ, ಮೊದಲ 24 ಗಂಟೆ ಕಾಸಿಲ್ಲ. ಆದರೆ ಎಲ್ಲಿ ನಿಲ್ಲಿಸಿದೆ ಎಂದು ಫೋಟೋ ತೆಗೆದುಕೋ. ನಾನು ಒಂದು ಸಲ ಮುಕ್ಕಾಲು ಗಂಟೆ ಹುಡುಕಿದ್ದೇನೆ, ದನದ ಜಾತ್ರೆಯಲ್ಲಿ ಕರು ತಪ್ಪಿಸಿಕೊಂಡವರ ಹಾಗೆ.

ಮಳೆಗಿಂತ ಹೆದರಬೇಕಾದ್ದು ಎರಡು. ಒಂದು ತರಗೆಲೆ. ಈ ತಿಂಗಳು ಎಲೆ ಉದುರಿ ರಸ್ತೆ ಮೇಲೆ ಹಾಸಿಕೊಂಡಿರುತ್ತವೆ. ಒದ್ದೆಯಾದ ಎಲೆ ಬಾಳೆಹಣ್ಣಿನ ಸಿಪ್ಪೆಗೂ ಕಮ್ಮಿ ಇಲ್ಲ. ಕಾಲುವೆ ಸೇತುವೆ ಇಳಿಯುವಾಗ ಬ್ರೇಕು ಹಾಕಿ ನಾನು ಬಿದ್ದು ಮೂರು ವಾರ ಮೊಣಕೈ ಎತ್ತಲಾಗಲಿಲ್ಲ. ತಿರುವಿಗೆ ಮೊದಲೇ ನಿಧಾನ ಮಾಡು, ತಿರುಗುವಾಗ ಬ್ರೇಕು ಮುಟ್ಟಬೇಡ. ಎರಡನೆಯದು ಎದುರುಗಾಳಿ. ಆ ದೇಶ ಚಪ್ಪಟೆ. ಅವರ ಯುರೋಪಿನ ನೆಲದಲ್ಲಿ ಅತಿ ಎತ್ತರದ ಗುಡ್ಡ ಸುಮಾರು 322 ಮೀಟರ್. ನಮ್ಮ ಮೈಸೂರಿನ ನೆಲವೇ 760 ಮೀಟರಿಗಿಂತ ಮೇಲಿದೆ, ಚಾಮುಂಡಿ ಬೆಟ್ಟದ ಮಾತು ಬಿಡು. ಏರು ಇಲ್ಲ ಎಂದು ಖುಷಿಪಟ್ಟಿದ್ದೆ. ಆ ಏರೆಲ್ಲ ಗಾಳಿಯಲ್ಲಿದೆ ಎಂದು ಆಮೇಲೆ ತಿಳಿಯಿತು. ಅವರಿಗೆ ಅದೂ ಒಂದು ಆಟ. ಜೋರು ಬಿರುಗಾಳಿ ಬರುವ ದಿನ ನೋಡಿಕೊಂಡು, ಸಮುದ್ರದ ತಡೆಗೋಡೆ ಮೇಲೆ, ಗೇರಿಲ್ಲದ ಸೈಕಲ್ಲಿನಲ್ಲಿ 8.5 ಕಿಲೋಮೀಟರ್ ಎದುರುಗಾಳಿಯ ಪಂದ್ಯ ನಡೆಸುತ್ತಾರೆ. ನೀನು ಅಷ್ಟೆಲ್ಲ ಮಾಡಬೇಡ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ, ಹಾಗೆ ದಾರಿ ನೋಡಿಕೋ. ಸುಸ್ತಾಗಿ ಹಿಂದಿರುಗುವಾಗ ಯಾರೋ ತಳ್ಳಿದ ಹಾಗೆ ಬರುತ್ತೀಯ.

ನಿಜವಾದ ಕಷ್ಟ ಬೆಳಕಿನದು ಕಣಪ್ಪ. ಚಳಿಗೆ ಬಟ್ಟೆ ಇದೆ, ಮಳೆಗೆ ಆಪ್ ಇದೆ, ಇದಕ್ಕೆ ಏನೂ ಇಲ್ಲ. ಮೈಸೂರಿನಲ್ಲಿ ಜೂನಿಗೂ ಡಿಸೆಂಬರಿಗೂ ಹಗಲಿನಲ್ಲಿ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ನಮಗೆ ಅದು ಗೊತ್ತೇ ಆಗುವುದಿಲ್ಲ. ಉಟ್ರೆಕ್ಟಿನಲ್ಲಿ ಒಂಬತ್ತು ಗಂಟೆ. ಅಕ್ಟೋಬರಿನಲ್ಲಿ ದಿನಕ್ಕೆ ನಾಲ್ಕು ನಿಮಿಷದಂತೆ ಹಗಲು ಸವೆಯುತ್ತದೆ, ವಾರಕ್ಕೆ ಹತ್ತಿರತ್ತಿರ ಅರ್ಧ ಗಂಟೆ. ನಮ್ಮ ಮೈಗೆ ಈ ಲೆಕ್ಕದ ಅಭ್ಯಾಸವಿಲ್ಲ. ಮೊದಲ ವರ್ಷ ನಾನು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದೆ. ಶನಿವಾರ ಮಧ್ಯಾಹ್ನದವರೆಗೆ ನಿದ್ದೆ. ಯಾಕೋ ಅಳು ಬರುವುದು. ಊರು ನೆನಪಾಗುತ್ತಿದೆ ಅಂದುಕೊಂಡಿದ್ದೆ. ಊರಿನದು ಸ್ವಲ್ಪ, ಬೆಳಕಿನದು ಜಾಸ್ತಿ. ಅದಕ್ಕೇ ನಿನಗೆ ಒಂದೇ ಒಂದು ಮಾತು ಒತ್ತಿ ಹೇಳುತ್ತೇನೆ. ಮಳೆ ನಿಲ್ಲಲಿ ಎಂದು ಕಾಯಬೇಡ, ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಅರ್ಧ ಗಂಟೆ ಹೊರಗೆ ಹೋಗು. ಮೋಡ ಇದ್ದರೂ ಹೋಗು. ಡಿ ವಿಟಮಿನ್ ವಿಷಯವಾಗಿ ಡಾಕ್ಟರನ್ನು ಕೇಳು. ನಮ್ಮಂಥ ಕಂದು ಮೈಬಣ್ಣದವರಿಗೆ ಮಾತ್ರೆ ತೆಗೆದುಕೊಳ್ಳಿ ಎಂದೇ ಅಲ್ಲಿ ಹೇಳುತ್ತಾರೆ.

ಎಲ್ಲಿಗೆ ಹೋಗಲಿ ಅನ್ನಬೇಡ. ನಿನ್ನ ಯೂನಿವರ್ಸಿಟಿಯಿಂದ ಸೈಕಲ್ಲಿನಲ್ಲಿ ಕಾಲು ಗಂಟೆ ಹೋದರೆ ಅಮೆಲಿಸ್‌ವೇರ್ಡ್ ಕಾಡು. ಪಕ್ಕದಲ್ಲೇ ಕ್ರೊಮ್ಮೆ ರೈನ್ ಅನ್ನುವ ಸಣ್ಣ ಹೊಳೆ, ಹೆಸರಿಗೆ ತಕ್ಕ ಹಾಗೆ ಸೊಟ್ಟಸೊಟ್ಟ ಹರಿಯುತ್ತದೆ. ಈಗ ಬೀಚ್ ಮರಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗುತ್ತಿರುತ್ತವೆ. ಹಗಲು ಕಮ್ಮಿಯಾದಾಗ ಮರ ಎಲೆಯ ಹಸಿರನ್ನು ಕರಗಿಸಿ ಒಳಗೆಳೆದುಕೊಳ್ಳುತ್ತದೆ. ಮೊದಲಿಂದ ಅಡಗಿದ್ದ ಹಳದಿ ಆಗ ಕಾಣುತ್ತದೆ. ನೆಲ ನೋಡುತ್ತಾ ನಡೆ, ಚೆಸ್ಟ್‌ನಟ್ ಸಿಗುತ್ತದೆ. ತಿನ್ನುವ ಜಾತಿಯ ಸಿಪ್ಪೆಗೆ ಮುಳ್ಳುಹಂದಿಯ ಹಾಗೆ ಒತ್ತಾದ ಸಣ್ಣ ಮುಳ್ಳು, ಒಳಗಿನ ಬೀಜದ ತುದಿ ಚೂಪು. ಇನ್ನೊಂದರ ಸಿಪ್ಪೆಗೆ ಅಲ್ಲೊಂದು ಇಲ್ಲೊಂದು ದಪ್ಪ ಮುಳ್ಳು, ಬೀಜ ಗುಂಡಗೆ ನುಣ್ಣಗೆ. ಅದು ವಿಷ, ಬಾಯಿಗೆ ಇಡಬೇಡ. ಗೊತ್ತಿರುವವರ ಜೊತೆ ಹೋಗಿ ಒಂದು ಹಿಡಿ ಆರಿಸಿಕೊಂಡು, ಸಿಪ್ಪೆ ಸೀಳಿ ಸುಟ್ಟು ತಿಂದು ನೋಡು. ಕೆಂಡದಲ್ಲಿ ಸುಟ್ಟ ಹಲಸಿನ ಬೀಜವೇ, ಸ್ವಲ್ಪ ಸಿಹಿ ಅಷ್ಟೇ. ನಾನು ಮೊದಲ ಸಲ ತಿಂದಾಗ ಸುಮ್ನೆ ಅಲ್ಲೇ ಕೂತುಬಿಟ್ಟೆ. ಅಣಬೆ ಎಷ್ಟು ಚೆಂದ ಕಂಡರೂ ಕೀಳಬೇಡ. ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ಕಾಲು ನೋಡಿಕೋ, ದನದ ಮೈಗೆ ಅಂಟುವ ಉಣ್ಣಿಯಂಥದ್ದು ಅಲ್ಲೂ ಇದೆ. ಮಲೆನಾಡಿನಲ್ಲಿ ಅದರಿಂದ ಮಂಗನಕಾಯಿಲೆ, ಅಲ್ಲಿ ಲೈಮ್ ಅನ್ನುವ ಕಾಯಿಲೆ.

ಸಂಜೆಗೆ ಓದು. ನೀನು ಫೋನಿನಲ್ಲಿ ಸರಣಿ ನೋಡುತ್ತಾ ರಾತ್ರಿ ಒಂದು ಗಂಟೆ ಮಾಡುತ್ತಿದ್ದೀಯ ಎಂದು ನಿಮ್ಮಮ್ಮ ಹೇಳಿದರು. ನನಗೆ ಗೊತ್ತಿಲ್ಲದ ರೋಗವೇನಲ್ಲ. ಊರ ನಡುವೆ ಹಳೇ ದೊಡ್ಡ ಪೋಸ್ಟಾಫೀಸು ಇದೆ. ನಾನು ಅಲ್ಲಿಗೆ ಹೋದ ಹೊಸತರಲ್ಲಿ ಅದು ಪೋಸ್ಟಾಫೀಸೇ. 2020ರಿಂದ ಲೈಬ್ರರಿ. ಕಮಾನು ಚಾವಣಿ ಎಷ್ಟು ಎತ್ತರ ಅಂದರೆ ಒಳಗೆ ಹೋದವರು ಮೊದಲು ಪುಸ್ತಕ ನೋಡುವುದಿಲ್ಲ, ಮೇಲೆ ನೋಡುತ್ತಾರೆ. ಅದು ಇರುವ ಚೌಕದ ಹೆಸರು Neude ಅಂತ. ಅದನ್ನು ಡಚ್ಚರ ಬಾಯಲ್ಲಿ ಕೇಳು, ನಮಗೆ 'ನೋಡೆ' ಅಂದ ಹಾಗೇ ಕೇಳಿಸುತ್ತದೆ. ಹೋಗಿ ನೋಡು ಮತ್ತೆ. ಮಕ್ಕಳ ಪುಸ್ತಕದ ಕಡೆ ಕೂರು, ನಾಚಿಕೊಳ್ಳಬೇಡ. ನಾನು ಡಚ್ ಕಲಿತದ್ದು ಕ್ಲಾಸಿನಲ್ಲಿ ಕಮ್ಮಿ, ಕಪ್ಪೆ ಬಾತುಕೋಳಿಯ ಚಿತ್ರಪುಸ್ತಕದಲ್ಲಿ ಜಾಸ್ತಿ. ಹಾಗೆ ಸಿಕ್ಕಿದ ಒಂದು ಮಾತು 'ಔಟ್‌ವಾಯೆನ್'. ತಲೆ ಕೆಟ್ಟಾಗ ಗಾಳಿಗೆ ಮೈಯೊಡ್ಡಿ ನಡೆದು ಬರುವುದು. ನಮ್ಮಲ್ಲಿ ಗಾಳಿ ಸೇವನೆ ಅನ್ನುತ್ತಿದ್ದರಲ್ಲ ಹಳಬರು, ಅದರ ಜೋರಾದ ಅಣ್ಣ.

ಕನ್ನಡ ಪುಸ್ತಕ ಮಾತ್ರ ಅಲ್ಲಿ ಸಿಗುವುದಿಲ್ಲ, ಹೊತ್ತೇ ತರಬೇಕು. ನಿಮ್ಮಮ್ಮನ ಹತ್ತಿರ ಎರಡು ಕೇಳಿ ಇಟ್ಟುಕೊಂಡಿದ್ದೇನೆ, ಎರಡೂ ದಪ್ಪನೆಯವು. ಬೇಗ ಮುಗಿಯುವುದು ಅಲ್ಲಿಯ ಚಳಿಗಾಲಕ್ಕೆ ಸಾಲದು. ಜೊತೆಗೆ ಚಟ್ನಿಪುಡಿ, ಹುರಿಹಿಟ್ಟು ಕೊಟ್ಟಿದ್ದಾರೆ. ಒಂದು ಬಾಟಲು ತುಪ್ಪವನ್ನೂ ತಂದಿದ್ದರು, ವಾಪಸ್ ಕೊಟ್ಟೆ. ಹಾಲು, ಮಾಂಸದ ಪದಾರ್ಥ ಒಯ್ಯಲು ಬಿಡುವುದಿಲ್ಲ. ಅವರಿಗೆ ಬೇಜಾರಾಯಿತು, ನೀನೇ ಫೋನಿನಲ್ಲಿ ಸಮಾಧಾನ ಮಾಡು.

ಫೋನಿನ ಮಾತು ಬಂತಲ್ಲ, ಇದನ್ನೂ ಕೇಳಿಸಿಕೋ. ಅಕ್ಟೋಬರಿನ ಕೊನೆಯ ಭಾನುವಾರ ಬೆಳಗಿನ ಜಾವ ಮೂರು ಗಂಟೆಗೆ ಗಡಿಯಾರವನ್ನು ಎರಡಕ್ಕೆ ತಿರುಗಿಸುತ್ತಾರೆ. ಈಗ ಊರಿಗೂ ಅಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ, ಆಮೇಲೆ ನಾಲ್ಕೂವರೆ. ನೀನು ಆರಕ್ಕೆ ಫೋನ್ ಮಾಡಿದರೆ ಈಗ ಇಲ್ಲಿ ಒಂಬತ್ತೂವರೆ, ಆಗ ಹತ್ತೂವರೆ. ನಿಮ್ಮಮ್ಮ ಹತ್ತಕ್ಕೆ ಮಲಗುವವರು, ಆದರೆ ನಿನಗೆ ಹೇಳದೆ ಎದ್ದು ಕೂತಿರುತ್ತಾರೆ. ನಮ್ಮಮ್ಮ ಎರಡು ವರ್ಷ ಹಾಗೇ ಕೂತಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು. ಮಧ್ಯಾಹ್ನ ಆ ಅರ್ಧ ಗಂಟೆ ಹೊರಗೆ ಹೋಗುತ್ತೀಯಲ್ಲ, ಆಗಲೇ ನಡೆಯುತ್ತಾ ಮಾತಾಡು.

ನಾನು ಆ ಭಾನುವಾರದ ಹಿಂದಿನ ದಿನ ಬಂದು ಇಳಿಯುತ್ತೇನೆ. ಭಾನುವಾರ ಹನ್ನೊಂದಕ್ಕೆ ಮನೆಗೆ ಬಾ, ಪುಸ್ತಕ, ಚಟ್ನಿಪುಡಿ ತಗೋ, ಊಟ ಮುಗಿಸಿ ಕಾಡಿಗೆ ಹೋಗೋಣ. ಸೈಕಲ್ಲಿನಲ್ಲೇ ಬಾ, ಲೈಟು ಹಾಕಿಸಿಕೊಂಡು ಬಾ. ಫೋನಿನ ಗಡಿಯಾರ ತಾನೇ ತಿದ್ದಿಕೊಳ್ಳುತ್ತದೆ, ನಿಮ್ಮಮ್ಮ ಕೊಟ್ಟು ಕಳಿಸಿದ ಅಲಾರಂ ತಿದ್ದಿಕೊಳ್ಳುವುದಿಲ್ಲ. ಅದನ್ನು ನಂಬಿ ಹತ್ತಕ್ಕೇ ಬಂದು ಬಾಗಿಲು ತಟ್ಟಿದರೆ ಕಾಫಿ ನೀನೇ ಮಾಡಬೇಕು.